ಸಿಂಗಪುರಕ್ಕೆ ವೀಸಾ ಪಡೆಯುವುದು ಹೇಗೆ?



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಬೇರೆ ದೇಶ ಸುತ್ತಬೇಕಾದರೆ ಬಸ್ಸು ಹತ್ತಿ ಟಿಕೆಟ್ ತಗೊಂಡ ಹಾಗೆ ಹೋಗಲು ಆಗುವುದಿಲ್ಲ. ಅದಕ್ಕೆ ಪಾಸ್‌ಪೋರ್ಟ್ ಬೇಕು, ಎಷ್ಟೋ ದೇಶಗಳಿಗೆ ವೀಸಾ ಕೂಡ ಬೇಕು. ನಮ್ಮ ಚಿಕ್ಕಪ್ಪ ಸಿಂಗಪುರದಲ್ಲಿ ಕೆಲಸದಲ್ಲಿದ್ದಾರೆ. ಚಿಕ್ಕಮ್ಮನ ಬಾಣಂತನಕ್ಕೆ ನಮ್ಮಜ್ಜಿ ಅಲ್ಲಿಗೆ ಹೋಗಬೇಕಾಯಿತು. ಅಜ್ಜಿಗೆ ಓದಲು ಬರುವುದಿಲ್ಲ, ಹೆಬ್ಬೆಟ್ಟು. ಆದ್ದರಿಂದ ಬಂದ ಕಾಗದಗಳನ್ನೆಲ್ಲ ಓದಿ ಹೇಳುವ ಕೆಲಸ ನನ್ನದಾಯಿತು. ಇಂಗ್ಲಿಷ್ ಅರ್ಥವಾಗದ ಕಡೆ ಟೀಚರ್ ಹೇಳಿಕೊಟ್ಟರು. ಹಾಗೆ ಕಲಿತದ್ದನ್ನು ಪಾಠದ ರೀತಿ ಇಲ್ಲಿ ಬರೆದಿದ್ದೇನೆ.

1. ಸಿಂಗಪುರ ಎಂಥ ದೇಶ?

ಸಿಂಗಪುರ ಏಷ್ಯಾ ಖಂಡದ ತೆಂಕಣ ತುದಿಯಲ್ಲಿ, ಮಲೇಷ್ಯಾದ ಕೆಳಗೆ, ಸಮಭಾಜಕ ವೃತ್ತಕ್ಕೆ ತೀರ ಹತ್ತಿರ ಇದೆ. ಒಂದು ದೊಡ್ಡ ದ್ವೀಪ, ಸುತ್ತ 60ಕ್ಕೂ ಹೆಚ್ಚು ಸಣ್ಣ ದ್ವೀಪಗಳು. ಎಲ್ಲ ಸೇರಿದರೂ ಸುಮಾರು 735 ಚದರ ಕಿಲೋಮೀಟರ್ ಮಾತ್ರ. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಭಾಗಿಸಿ ನೋಡಿ: ಕರ್ನಾಟಕದೊಳಗೆ ಸುಮಾರು 260 ಸಿಂಗಪುರ ಹಿಡಿಸುತ್ತವೆ!

ಇದರ ಹೆಸರು ಸಂಸ್ಕೃತದ ‘ಸಿಂಹಪುರ’ದಿಂದ ಬಂದದ್ದು. ಹಿಂದೆ ಒಬ್ಬ ರಾಜಕುಮಾರ ಅಲ್ಲಿ ಸಿಂಹ ಕಂಡನಂತೆ ಎಂಬ ಕಥೆ ಇದೆ. ಆ ಕಡೆ ಕಾಡಿನಲ್ಲಿ ಇದ್ದದ್ದು ಹುಲಿ, ಸಿಂಹ ಅಲ್ಲ ಎಂದು ತಿಳಿದವರು ಹೇಳುತ್ತಾರೆ. ಅದು ಬ್ರಿಟಿಷರ ಕೈಯಲ್ಲಿತ್ತು, ಆಮೇಲೆ ಮಲೇಷ್ಯಾದ ಭಾಗವಾಗಿತ್ತು. 1965ರ ಆಗಸ್ಟ್ 9ರಂದು ಸ್ವತಂತ್ರ ದೇಶವಾಯಿತು. ಅಲ್ಲಿ ನಾಲ್ಕು ಆಡಳಿತ ಭಾಷೆಗಳಿವೆ: ಮಲಯ, ಚೀನೀ, ತಮಿಳು ಮತ್ತು ಇಂಗ್ಲಿಷ್. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಾವು ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲುವ ಹೊತ್ತಿಗೆ ಅಲ್ಲಿ ಮಧ್ಯಾಹ್ನವಾಗಿರುತ್ತದೆ.

2024ರ ಲೆಕ್ಕದಂತೆ ಅಲ್ಲಿನ ಜನಸಂಖ್ಯೆ ಸುಮಾರು 60 ಲಕ್ಷ. ಅಂದರೆ ಒಂದು ಚದರ ಕಿಲೋಮೀಟರಿಗೆ 8,000ಕ್ಕಿಂತ ಹೆಚ್ಚು ಜನ. ನಮ್ಮ ರಾಜ್ಯದಲ್ಲಿ 2011ರ ಜನಗಣತಿಯಂತೆ ಇದು 319. ಜಾಗ ಸಾಲದೆ ಅವರು ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡಿಕೊಂಡಿದ್ದಾರೆ. ಸ್ವಾತಂತ್ರ್ಯ ಬಂದಾಗ ಅವರ ನೆಲ ಸುಮಾರು 580 ಚದರ ಕಿಲೋಮೀಟರ್ ಇತ್ತು. ಕುಡಿಯುವ ನೀರನ್ನೂ ಒಂದು ಭಾಗ ಮಲೇಷ್ಯಾದಿಂದ ಕೊಳವೆಯಲ್ಲಿ ತರಿಸುತ್ತಾರೆ. 1962ರಲ್ಲಿ ಮಾಡಿಕೊಂಡ ಆ ಒಪ್ಪಂದ 2061ರವರೆಗೆ ಇದೆ. ಅಲ್ಲಿರುವ ಪ್ರತಿ ಹತ್ತು ಜನರಲ್ಲಿ ಸುಮಾರು ಮೂವರು ನಮ್ಮ ಚಿಕ್ಕಪ್ಪನ ಹಾಗೆ ಹೊರಗಿನಿಂದ ಹೋದವರು. ನೆಲ, ನೀರು ಎರಡೂ ಅಳೆದು ಬಳಸಬೇಕಾದ ಮನೆಗೆ ಯಾರು ಬರುತ್ತಾರೆ, ಎಷ್ಟು ದಿನ ಇರುತ್ತಾರೆ ಎಂದು ಲೆಕ್ಕ ಇಡಲೇಬೇಕಲ್ಲವೇ? ವೀಸಾ ಎಂಬುದು ಆ ಲೆಕ್ಕದ ಒಂದು ಭಾಗ.

2. ಪಾಸ್‌ಪೋರ್ಟ್ ಬೇರೆ, ವೀಸಾ ಬೇರೆ

ಇವೆರಡೂ ಒಂದೇ ಎಂದು ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ.

ಪಾಸ್‌ಪೋರ್ಟ್ ಕೊಡುವುದು ನಮ್ಮ ದೇಶ. ‘ಇವರು ಭಾರತದವರು’ ಎಂದು ನಮ್ಮ ಸರ್ಕಾರ ಹೇಳುವ ಪುಸ್ತಕ ಅದು. ವೀಸಾ ಕೊಡುವುದು ನಾವು ಹೋಗುವ ದೇಶ. ‘ನೀವು ಬರಬಹುದು’ ಎಂದು ಅವರು ಕೊಡುವ ಅಪ್ಪಣೆ ಅದು. ಈ ಮಾತು ಲ್ಯಾಟಿನ್ ಭಾಷೆಯದು, ‘ನೋಡಲಾದದ್ದು’ ಎಂದು ಅರ್ಥ. ಅಂದರೆ ನಿಮ್ಮ ಕಾಗದಗಳನ್ನು ನೋಡಿದ್ದೇವೆ ಎಂದು.

ನಮ್ಮ ಕಡೆ ಯಾರಾದರೂ ಬಂದರೆ ಜಗಲಿ ಮೇಲೆ ಕೂರಬಹುದು, ನಡುಮನೆಗೆ ಬರಬೇಕಾದರೆ ಮನೆಯವರು ಕರೆಯಬೇಕು. ಪಾಸ್‌ಪೋರ್ಟ್ ಇದ್ದರೆ ಜಗಲಿ ತನಕ. ವೀಸಾ ಇದ್ದರೆ ಬಾಗಿಲ ತನಕ. ಒಳಗೆ ಬಿಡುವುದು ಬಾಗಿಲಲ್ಲಿ ನಿಂತವರ ಮಾತು. ಇದನ್ನು ಮುಂದೆ ಹೇಳುತ್ತೇನೆ.

ಎಲ್ಲ ದೇಶಗಳ ನಿಯಮ ಒಂದೇ ಅಲ್ಲ. ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ. ಮಾಲ್ಡೀವ್ಸ್ ಕೂಡ ದ್ವೀಪ ದೇಶವೇ, ಆದರೆ ಪ್ರವಾಸಕ್ಕೆ ಹೋಗುವವರು ಮುಂಚೆ ಅರ್ಜಿ ಹಾಕಬೇಕಿಲ್ಲ, ಇಳಿದ ಮೇಲೆ ಅಲ್ಲೇ ಕೊಡುತ್ತಾರೆ. ಸಿಂಗಪುರಕ್ಕೆ ಮಾತ್ರ ಹೊರಡುವ ಮುಂಚೆಯೇ ಅರ್ಜಿ ಹಾಕಿ ಪಡೆಯಬೇಕು.

3. ಮೊದಲ ಮೆಟ್ಟಿಲು: ಒಂದೇ ಹೆಸರು

ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ. ಪಾಸ್‌ಪೋರ್ಟಿಗೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ, ಹಣ ಕಟ್ಟಿ, ದಿನ ಗೊತ್ತುಮಾಡಿಕೊಂಡು, ಮೂಲ ಕಾಗದಗಳ ಜೊತೆ ಕೇಂದ್ರಕ್ಕೆ ಹೋಗಬೇಕು. ಮೊದಲು ಇದಕ್ಕೆ ದೊಡ್ಡ ಊರುಗಳಿಗೇ ಹೋಗಬೇಕಿತ್ತು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಪ್ರಾರಂಭವಾಯಿತು. ದೇಶದಲ್ಲಿ ಮೊದಲು ಪ್ರಾರಂಭವಾದದ್ದು ಎರಡು ಕಡೆ, ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರು. ಇದು ನಮಗೆ ಹೆಮ್ಮೆಯ ವಿಷಯ. ದೊಡ್ಡವರಿಗೆ 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ. 60 ವರ್ಷ ದಾಟಿದವರಿಗೆ ನೂರಕ್ಕೆ ಹತ್ತು ಕಡಿಮೆ. ಕೇಂದ್ರದಲ್ಲಿ ಫೋಟೋ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಪೊಲೀಸರು ವಿಚಾರಣೆ ಮಾಡುತ್ತಾರೆ. ಆಮೇಲೆ ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಮನೆಗೇ ಬರುತ್ತದೆ. ಹತ್ತು ವರ್ಷ ನಡೆಯುತ್ತದೆ.

ಕೇಳಲು ಸುಲಭ. ಆದರೆ ನಮ್ಮ ಮನೆಯಲ್ಲಿ ಕೆಲಸ ನಿಂತದ್ದು ಇಲ್ಲೇ. ಒಂದು ಅಕ್ಷರಕ್ಕೆ!

ನಮ್ಮೂರಿನಲ್ಲಿ ನಿಂಗಮ್ಮ ಅಂದರೂ ಒಂದೇ, ಲಿಂಗಮ್ಮ ಅಂದರೂ ಒಂದೇ. ನಿಂಗೇಗೌಡ, ಲಿಂಗೇಗೌಡ ಕೂಡ ಹಾಗೇ. ಕರೆದರೆ ಅವರೇ ಓಗೊಡುತ್ತಾರೆ. ಕಾಗದಕ್ಕೆ ಹಾಗಲ್ಲ, ಅದಕ್ಕೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಅಜ್ಜಿಯ ಹೆಸರು ಪಹಣಿಯಲ್ಲಿ ಮತ್ತು ಮತದಾರರ ಚೀಟಿಯಲ್ಲಿ ‘ನಿ’ ಎಂದು ಶುರುವಾಗುತ್ತದೆ. ಆಧಾರ್ ಕಾರ್ಡಿನಲ್ಲಿ ‘ಲಿ’ ಎಂದು ಯಾರೋ ಟೈಪ್ ಮಾಡಿದ್ದರು. (ಹಿರಿಯರ ಹೆಸರನ್ನು ಗೋಡೆಗೆ ಹಾಕಬೇಡ ಎಂದು ಅಜ್ಜಿ ಹೇಳಿದ್ದರಿಂದ ಪೂರ್ತಿ ಬರೆದಿಲ್ಲ.) ಎರಡೂ ಒಂದೇ ಆಗಿ ಬರಲಿ ಎಂದು ಕೇಂದ್ರದಲ್ಲಿ ಹೇಳಿ ಕಳಿಸಿದರು. ಅದು ನಿಯಮ.

ಆಧಾರ್‌ನಲ್ಲಿರುವ ಹಾಗೆ ಉಳಿದದ್ದನ್ನು ತಿದ್ದಿಸಿಬಿಡೋಣ ಎಂದು ಅಪ್ಪ ಹೇಳಿದರು. ಅಜ್ಜಿ ಒಪ್ಪಲಿಲ್ಲ. “ನಮ್ಮವ್ವ ತೊಟ್ಟಿಲಲ್ಲಿ ಇಟ್ಟ ಹೆಸರು ಕಣಪ್ಪ ಅದು. ನಾನ್ಯಾಕೆ ಬದ್ಲಾಗ್ಲಿ? ಕಾಗದ ಬದ್ಲಾಗ್ಲಿ” ಅಂದರು. ಕೊನೆಗೆ ಮತದಾರರ ಚೀಟಿಯನ್ನು ಸಾಕ್ಷಿ ಕೊಟ್ಟು ಆಧಾರ್ ತಿದ್ದಿಸಿದೆವು. ಎಲ್ಲರೂ ನೆನಪಿಡಿ: ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಸಲ ಮಾತ್ರ ತಿದ್ದಿಸಬಹುದು. ಹುಟ್ಟಿದ ದಿನಾಂಕ ಒಂದೇ ಸಲ. ಮತದಾರರ ಪಟ್ಟಿಯಲ್ಲಿ ತಿದ್ದಿಸಲು ನಮೂನೆ 8 ತುಂಬಬೇಕು.

ಇನ್ನೆರಡು ವಿಷಯ. ನಮ್ಮ ಕಡೆ ಹೆಸರಿನ ಹಿಂದೆ ಮುಂದೆ ಇನಿಷಿಯಲ್ ಹಾಕುತ್ತೇವೆ. ಪಾಸ್‌ಪೋರ್ಟಿನಲ್ಲಿ ಅದು ನಡೆಯುವುದಿಲ್ಲ, ಊರು ಅಥವಾ ತಂದೆಯ ಹೆಸರನ್ನು ಬಿಡಿಸಿ ಬರೆಯಬೇಕು. ಹುಟ್ಟಿದ ದಿನಾಂಕವೂ ಎಲ್ಲ ಕಡೆ ಒಂದೇ ಇರಬೇಕು. ನಮ್ಮೂರಿನಲ್ಲಿ ಎಷ್ಟೋ ಅಜ್ಜ ಅಜ್ಜಿಯರ ಕಾರ್ಡ್ ನೋಡಿದರೆ ಹುಟ್ಟಿದ್ದು ಜನವರಿ 1! ಸರಿಯಾದ ದಿನ ಗೊತ್ತಿಲ್ಲದವರಿಗೆ ಹಾಗೆ ಬರೆದಿದ್ದಾರೆ. “ನಾನು ಹುಟ್ಟಿದ್ದು ರಾಗಿ ಕೊಯ್ಲಲ್ಲಿ” ಎಂದು ಅಜ್ಜಿ ನಕ್ಕರು. ರಾಗಿ ಕೊಯ್ಲು ಎಂದು ಬರೆಯಲು ಅರ್ಜಿಯಲ್ಲಿ ಜಾಗ ಇಲ್ಲ.

ಈ ಒಂದು ಅಕ್ಷರ ತಿದ್ದಿ, ಮತ್ತೆ ದಿನ ಗೊತ್ತುಮಾಡಿ, ಪಾಸ್‌ಪೋರ್ಟ್ ಬರುವ ಹೊತ್ತಿಗೆ ಏಳು ವಾರ ಹೆಚ್ಚಿಗೆ ಆಯಿತು. ಅಷ್ಟರಲ್ಲಿ ಚಿಕ್ಕಮ್ಮನಿಗೆ ಅಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಅಜ್ಜಿ ಫೋನಿನಲ್ಲಿ ಮುಖ ನೋಡಿದರು. ಆ ದಿನ ಗುಡಿಸಿದ ಅಂಗಳವನ್ನೇ ಮತ್ತೆ ಮತ್ತೆ ಗುಡಿಸಿದರು, ಊಟಕ್ಕೆ ಕರೆದರೆ ಬರಲಿಲ್ಲ. ಒಂದು ಅಕ್ಷರ ಅಂದರೆ ಸಣ್ಣದಲ್ಲ ಎಂದು ನನಗೆ ಆವತ್ತು ಗೊತ್ತಾಯಿತು.

4. ಎರಡನೆಯ ಮೆಟ್ಟಿಲು: ವೀಸಾ ಅರ್ಜಿ

ಭಾರತದಲ್ಲಿ ಸಿಂಗಪುರದ ಹೈಕಮಿಷನ್ ದೆಹಲಿಯಲ್ಲಿದೆ. ಚೆನ್ನೈ, ಮುಂಬೈಗಳಲ್ಲಿ ಅವರ ಕಚೇರಿಗಳಿವೆ. ಆದರೆ ನಾವು ನೇರವಾಗಿ ಅಲ್ಲಿಗೆ ಹೋಗಿ ಅರ್ಜಿ ಕೊಡುವುದಲ್ಲ. ಅವರು ಅಧಿಕೃತ ಎಂದು ಒಪ್ಪಿದ ವೀಸಾ ಏಜೆಂಟರ ಮೂಲಕ ಕೊಡಬೇಕು. ಅಂಥವರ ಪಟ್ಟಿಯನ್ನು ಅವರೇ ಪ್ರಕಟಿಸುತ್ತಾರೆ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲು ನೋಡಬೇಕು, ಆಮೇಲೆ ಹಣ ಕೊಡಬೇಕು.

ಬೇಕಾದವು ಇವು:

(ಅ) ಪಾಸ್‌ಪೋರ್ಟ್. ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು.
(ಆ) ಅರ್ಜಿ ನಮೂನೆ. ಇದಕ್ಕೆ ‘14ಎ’ ಎಂದು ಹೆಸರು.
(ಇ) ಫೋಟೋ. ಅಗಲ 35 ಮಿಲಿಮೀಟರ್, ಎತ್ತರ 45 ಮಿಲಿಮೀಟರ್. ಹಿಂದಿನ ಪರದೆ ಬಿಳಿ ಇರಬೇಕು. ಮೂರು ತಿಂಗಳೊಳಗೆ ತೆಗೆದದ್ದಾಗಿರಬೇಕು. ನಮ್ಮ ಹೋಬಳಿಯ ಸ್ಟುಡಿಯೋದಲ್ಲಿ ನೀಲಿ ಪರದೆ ಮಾತ್ರ ಇತ್ತು. ಸ್ಟುಡಿಯೋದ ಅಣ್ಣ ಅವರ ಮನೆಯ ಬಿಳಿ ಪಂಚೆ ಕಟ್ಟಿ ತೆಗೆದರು!
(ಈ) ಹೋಗಿ ಬರುವ ಟಿಕೆಟ್ಟಿನ ವಿವರ, ಉಳಿಯುವ ಮನೆಯ ವಿಳಾಸ, ಕರೆಸಿಕೊಳ್ಳುವವರ ವಿವರ.
(ಉ) ಶುಲ್ಕ 30 ಸಿಂಗಪುರ ಡಾಲರ್. ಏಜೆಂಟರ ಕೂಲಿ ಬೇರೆ. ಅರ್ಜಿ ತಿರಸ್ಕಾರವಾದರೂ ಶುಲ್ಕ ವಾಪಸು ಬರುವುದಿಲ್ಲ.

ಹೋಗುವ ದಿನಕ್ಕೆ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ತೀರ ಮುಂಚೆ ಹಾಕಬಾರದು, ತೀರ ಕೊನೆಗೂ ಬಿಡಬಾರದು. ಸಾಮಾನ್ಯವಾಗಿ ಕೆಲವು ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ. ಕೆಲವರಿಗೆ ಹೆಚ್ಚು ದಿನ ಹಿಡಿಯುತ್ತದೆ.

ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ, ಮದುವೆ, ಓದು, ಉದ್ಯೋಗ, ಯಾಕೆ ಬರುತ್ತೀರಿ, ಎಷ್ಟು ದಿನ ಇರುತ್ತೀರಿ ಎಂದೆಲ್ಲ ಕೇಳುತ್ತಾರೆ. ಉದ್ಯೋಗದ ಕಡೆ ಏಜೆಂಟರ ಅಂಗಡಿಯ ಹುಡುಗ ಅಜ್ಜಿಯನ್ನು ಕೇಳದೇ ‘ಗೃಹಿಣಿ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದ. ನಾನು ಓದಿ ಹೇಳಿದೆ. ಅಜ್ಜಿ, “ಎರಡೆಕರೆ ರಾಗಿ, ಹುರುಳಿ ಬೆಳೀತೀನಿ. ಪಹಣಿ ನನ್ನ ಹೆಸ್ರಲ್ಲಿದೆ. ರೈತಳು ಅಂತ ಬರಿ ಕಣಪ್ಪ” ಅಂದರು. ಅವನು ಅಳಿಸಿ ಹಾಗೇ ಬರೆದ. ಅರ್ಜಿಯಲ್ಲಿ ಇರಬೇಕಾದದ್ದು ಇದ್ದ ಸಂಗತಿ. ನಮ್ಮ ಅಮ್ಮಂದಿರು ಹೊಲದಲ್ಲಿ ದುಡಿದರೂ ಕಾಗದದಲ್ಲಿ ಮಾತ್ರ ಏನೂ ಮಾಡದವರ ಹಾಗೆ ಇರುತ್ತಾರೆ. ಇದನ್ನು ಎಲ್ಲರೂ ಯೋಚಿಸಬೇಕು.

ಕೊನೆಯಲ್ಲಿ ಕೆಲವು ಗಟ್ಟಿ ಪ್ರಶ್ನೆಗಳಿವೆ. ಯಾವುದಾದರೂ ದೇಶ ನಿಮ್ಮನ್ನು ಒಳಗೆ ಬಿಡದೆ ಕಳಿಸಿದೆಯೇ? ಯಾವುದಾದರೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ? ಬೇರೆ ಹೆಸರಿನ ಪಾಸ್‌ಪೋರ್ಟಿನಲ್ಲಿ ಸಿಂಗಪುರಕ್ಕೆ ಬಂದಿದ್ದಿರೇ? “ನಾನು ಮೈಸೂರು ದಸರಾನೇ ಎರಡು ಸಲ ನೋಡಿರೋದು” ಎಂದು ಅಜ್ಜಿ ಹೇಳಿದಾಗ ಎಲ್ಲರೂ ನಕ್ಕರು. ಆದರೆ ಇದು ನಗುವ ವಿಷಯ ಅಲ್ಲ. ಇಲ್ಲಿ ಸುಳ್ಳು ಬರೆದರೆ ಅಪರಾಧ.

5. ವೀಸಾ ಬಂದ ಮೇಲೆ

ಈಗಿನ ವೀಸಾ ಪಾಸ್‌ಪೋರ್ಟಿಗೆ ಅಂಟಿಸುವ ಚೀಟಿ ಅಲ್ಲ. ಕಂಪ್ಯೂಟರಿನಲ್ಲಿ ಬರುತ್ತದೆ, ಕಾಗದದ ಮೇಲೆ ಮುದ್ರಿಸಿಕೊಳ್ಳಬೇಕು. ಅಜ್ಜಿಯ ವೀಸಾ ನಾಲ್ಕನೆಯ ದಿನ ಬಂತು. ಬಂದ ಕೂಡಲೇ ಅದರಲ್ಲಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಎರಡನ್ನೂ ಒಂದೊಂದೇ ಅಕ್ಷರ ಹಿಡಿದು ತಾಳೆ ನೋಡಬೇಕು. ನಾನು ಬೆರಳಿಟ್ಟು ಓದುತ್ತಿದ್ದೆ, ಅಜ್ಜಿ ನನ್ನ ಬೆರಳನ್ನೇ ನೋಡುತ್ತಿದ್ದರು.

ಇನ್ನೂ ಮುಗಿಯಲಿಲ್ಲ. ಹೊರಡುವ ಮುಂಚಿನ ಮೂರು ದಿನಗಳೊಳಗೆ ‘ಆಗಮನ ಕಾರ್ಡ್’ ಎಂಬುದನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಇದು ವೀಸಾ ಅಲ್ಲ. ಇದಕ್ಕೆ ದುಡ್ಡೂ ಇಲ್ಲ. ದುಡ್ಡು ಕೇಳುವ ನಕಲಿ ಜಾಲತಾಣಗಳಿವೆ, ಎಚ್ಚರ.

ವಿಮಾನ ಇಳಿದ ಮೇಲೆ ಬಾಗಿಲಲ್ಲಿ ನಿಂತವರ ಸರದಿ. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಟ್ಟೇ ಬಿಡಬೇಕು ಎಂದಿಲ್ಲ. ಅಲ್ಲಿನ ಅಧಿಕಾರಿ ಕಾಗದ ನೋಡಿ, ಬೆರಳಚ್ಚು ನೋಡಿ, ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುತ್ತಾರೆ. ವೀಸಾದಲ್ಲಿ ಬರೆದ ಅವಧಿ ಬೇರೆ, ಒಳಗೆ ಇರುವ ದಿನ ಬೇರೆ. ಹೆಚ್ಚು ದಿನ ಬೇಕಾದರೆ ಕೊಟ್ಟ ದಿನ ಮುಗಿಯುವ ಮುಂಚೆಯೇ ಅರ್ಜಿ ಹಾಕಿ ಕೇಳಬೇಕು. ಹೇಳದೆ ಕೇಳದೆ ಉಳಿದರೆ ಸೆರೆಮನೆ, ದಂಡ. 90 ದಿನ ಮೀರಿ ಉಳಿದ ಗಂಡಸರಿಗೆ ಛಡಿಯೇಟಿನ ಶಿಕ್ಷೆಯೂ ಅವರ ಕಾನೂನಿನಲ್ಲಿದೆ.

ಒಳಗೆ ಹೋದ ಮೇಲೆ ಅವರ ಮನೆಯ ಪದ್ಧತಿ ನಮ್ಮ ಪದ್ಧತಿ. ಅಲ್ಲಿ ಚ್ಯೂಯಿಂಗ್ ಗಮ್ ಮಾರಾಟವನ್ನು 1992ರಲ್ಲೇ ನಿಲ್ಲಿಸಿದ್ದಾರೆ, ತೆಗೆದುಕೊಂಡು ಹೋಗಲೂಬಾರದು. ನಮ್ಮವರಿಗೆ ಇದಕ್ಕಿಂತ ಮುಖ್ಯವಾದದ್ದು ಗಸಗಸೆ. ಹೌದು, ನಾವು ಪಾಯಸಕ್ಕೆ ಹಾಕುವ ಗಸಗಸೆಯೇ! ಅದು ಅಫೀಮಿನ ಗಿಡದ ಬೀಜ. ಅಮಲು ಪದಾರ್ಥದ ಬಗ್ಗೆ ಅಲ್ಲಿ ತುಂಬಾ ಬಿಗಿ ಕಾನೂನು, ಮರಣದಂಡನೆ ತನಕ ಇದೆ. ಗಸಗಸೆಯನ್ನೂ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಮಗುವಿನ ನಾಮಕರಣದ ಪಾಯಸಕ್ಕೆಂದು ಅಜ್ಜಿ ಕಾಲು ಕೆ.ಜಿ. ಗಸಗಸೆ ಗಂಟು ಕಟ್ಟಿಟ್ಟಿದ್ದರು. ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದರಿಂದ ಅದು ನಮ್ಮನೆ ಡಬ್ಬಕ್ಕೇ ವಾಪಸು ಹೋಯಿತು. ಅಲ್ಲಿ ಶಾವಿಗೆ ಪಾಯಸ ಮಾಡಿದರಂತೆ.

6. ಒಂದು ಎಚ್ಚರಿಕೆ

ನೋಡಲು ಹೋಗುವ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಕೆಲಸಕ್ಕೆ ಬೇರೆ ಪರವಾನಗಿ ಇದೆ, ಅದನ್ನು ಕೆಲಸ ಕೊಡುವವರು ಅಲ್ಲಿಂದ ಮಾಡಿಸಬೇಕು. “ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿಬಿಡು, ಅಲ್ಲಿ ಕೆಲಸ ಕೊಡಿಸ್ತೀನಿ” ಎಂದು ಲಕ್ಷಗಟ್ಟಲೆ ಕೇಳುವವರು ಹಳ್ಳಿಗಳಿಗೂ ಬರುತ್ತಾರೆ. ನಮ್ಮ ಪಕ್ಕದ ಊರಿನ ಒಬ್ಬ ಅಣ್ಣ ಹಾಗೆ ಹಣ ಕೊಟ್ಟು, ಹಸು ಮಾರಿದ ದುಡ್ಡು ಹೋಯಿತು. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು ಭಾರತ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವರ ಪಟ್ಟಿ ‘ಇ-ಮೈಗ್ರೇಟ್’ ಎಂಬ ಸರ್ಕಾರಿ ಜಾಲತಾಣದಲ್ಲಿದೆ. ನಮ್ಮ ಅಣ್ಣಂದಿರಿಗೆ, ಮಾವಂದಿರಿಗೆ ಇದನ್ನು ನಾವು ಓದಿ ಹೇಳಬಹುದು.

7. ನಾವು ಈಗಲೇ ಮಾಡಬೇಕಾದದ್ದು

ವೀಸಾ ನಮಗೆ ಯಾಕೆ, ನಾವೇನು ಸಿಂಗಪುರಕ್ಕೆ ಹೋಗ್ತೀವಾ ಅನ್ನಬೇಡಿ. ನಮ್ಮಜ್ಜಿಯೂ ಅರವತ್ತೆಂಟು ವರ್ಷ ಹಾಗೇ ಅಂದುಕೊಂಡಿದ್ದರು. ಊರಿನಲ್ಲಿ ನಮ್ಮನ್ನು ಮುಖ ನೋಡಿ ಗುರುತು ಹಿಡಿಯುತ್ತಾರೆ. ಊರು ದಾಟಿದರೆ ಹೆಸರು ನೋಡಿ ಗುರುತು ಹಿಡಿಯುತ್ತಾರೆ.

ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಮ್ಮ ಹೆಸರು ಹೇಗಿದೆಯೋ ಹಾಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಗುತ್ತದೆ. ಆಮೇಲೆ ತಿದ್ದಿಸುವುದು ತುಂಬಾ ಕಷ್ಟ. ಈಗ ಏಳನೇ ತರಗತಿಯಲ್ಲಿ ಇನ್ನೂ ಸಮಯ ಇದೆ. ಜನನ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಶಾಲೆಯ ಪುಸ್ತಕ, ಈ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹೆಡ್ ಮೇಷ್ಟ್ರು ದಯವಿಟ್ಟು ಒಂದು ದಿನ ದಾಖಲಾತಿ ಪುಸ್ತಕ ತೋರಿಸಬೇಕೆಂದು ನಮ್ಮ ತರಗತಿಯ ಪರವಾಗಿ ಕೇಳಿಕೊಳ್ಳುತ್ತೇನೆ.

ಹೊಸ ಪದಗಳು
ಅಧಿಕೃತ: ಸರ್ಕಾರ ಒಪ್ಪಿದ
ತಾಳೆ ನೋಡು: ಎರಡನ್ನೂ ಹೋಲಿಸಿ ಸರಿ ಇದೆಯೇ ಎಂದು ನೋಡು
ತಿರಸ್ಕಾರ: ಬೇಡ ಎಂದು ವಾಪಸು ಮಾಡುವುದು
ಪಹಣಿ: ಜಮೀನು ಯಾರದು ಎಂದು ತಿಳಿಸುವ ಪತ್ರ

ಅಭ್ಯಾಸ
1. ಪಾಸ್‌ಪೋರ್ಟ್ ಯಾರು ಕೊಡುತ್ತಾರೆ? ವೀಸಾ ಯಾರು ಕೊಡುತ್ತಾರೆ?
2. ಸಿಂಗಪುರ ಬರುವವರ ಲೆಕ್ಕ ಯಾಕೆ ಬಿಗಿಯಾಗಿ ಇಡುತ್ತದೆ? ಎರಡು ಕಾರಣ ಕೊಡಿ.
3. ಗಸಗಸೆಯನ್ನು ಯಾಕೆ ಒಯ್ಯಬಾರದು?
4. ನಿಮ್ಮ ಮನೆಯ ಒಬ್ಬ ಹಿರಿಯರ ಕಾಗದಗಳನ್ನು ಓದಿ ನೋಡಿ. ಹೆಸರು, ಹುಟ್ಟಿದ ದಿನ ಎಲ್ಲ ಕಡೆ ಒಂದೇ ಇದೆಯೇ? ಉದ್ಯೋಗದ ಕಡೆ ಏನು ಬರೆದಿದ್ದಾರೆ? ಅದು ನಿಜವೇ?

ಮೊದಲ ಮೂರು ಪ್ರಶ್ನೆಗಳ ಉತ್ತರವನ್ನು ಚೀಟಿಯಲ್ಲಿ ಬರೆದು ಸೀಮೆಸುಣ್ಣದ ಡಬ್ಬದಲ್ಲಿ ಹಾಕಿ. ನಾಲ್ಕನೆಯದರ ಉತ್ತರ ನಿಮ್ಮ ಮನೆಗೆ.

— ಏಳನೇ ತರಗತಿ ವಿದ್ಯಾರ್ಥಿನಿ